ಉಗುರು ಕಲಿಸಿದ ಅಕ್ಕ

ಅಕ್ಕನ ಬೆರಳ ತುದಿಗಳು ಸದಾ ಕೆಂಪಗೆ ಬಿರಿದಿರುತ್ತಿದ್ದವು. ಉಗುರಿನ ಸುತ್ತ ಚರ್ಮ ಸುಲಿದು, ಒಣಗಿ, ಮತ್ತೆ ಸುಲಿಯುತ್ತಿತ್ತು. ಬೇಸಿಗೆಯಲ್ಲಿ ಕೆಲವು ಸಲ ಬಿರುಕಿನಿಂದ ರಕ್ತ ಜಿನುಗಿ, ಕುಡಿಯುತ್ತಿದ್ದ ಟೀ ಲೋಟಕ್ಕೆ ಅಂಟುತ್ತಿತ್ತು. ಅವಳು ಸೆರಗಿನಿಂದ ಒರೆಸಿ ಸುಮ್ಮನಾಗುತ್ತಿದ್ದಳು.

ಚಿತ್ರದುರ್ಗದಲ್ಲಿ ಚಂದ್ರವಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ, ಒಂದು ಔಷಧಿ ಅಂಗಡಿಯ ಮೇಲೆ ಅವಳ ಬ್ಯೂಟಿ ಪಾರ್ಲರ್ ಇತ್ತು. ಒಡಹುಟ್ಟಿದವಳಲ್ಲ, ಅಲ್ಲಿಗೆ ಬರುವವರೆಲ್ಲ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಇದ್ದ ಉಗುರಿನ ಮೇಲೆ ಅಕ್ರಿಲಿಕ್ಕಿನ ಕೃತಕ ಉಗುರು ಕೂರಿಸುವುದರಲ್ಲಿ ಅವಳದು ಎತ್ತಿದ ಕೈ. ಆದರೆ ವರ್ಷಗಟ್ಟಲೆ ಹಚ್ಚಿ ಹಚ್ಚಿ, ಪುಡಿಯ ಜೊತೆ ಬೆರೆಸುವ ಆ ಲಿಕ್ವಿಡ್ಡೇ ಅವಳ ಮೈಗೆ ಆಗದಂತಾಗಿತ್ತು. ಇನ್ನು ಅದನ್ನು ಮುಟ್ಟಲೇಬಾರದು ಎಂದು ಚರ್ಮದ ಡಾಕ್ಟರು ಹೇಳಿದ್ದರಂತೆ. ಹಾಗಾಗಿ ನಾನು ಕಲಿಯಲು ಹೋದಾಗ ಅವಳು ಕಿಟಕಿಯ ಪಕ್ಕ ಕೈ ಕಟ್ಟಿ ಕೂತು ಬಾಯಲ್ಲೇ ಕಲಿಸುತ್ತಿದ್ದಳು. ಬ್ರಷ್ ಹಿಡಿದು ತೋರಿಸಲಾರದ ಸಂಕಟ ಅವಳ ಮುಖದಲ್ಲೇ ಕಾಣುತ್ತಿತ್ತು.

ನಾನಾಗ ಹೊಸದುರ್ಗದ ಗಂಡನ ಮನೆ ಬಿಟ್ಟು, ಮಗಳನ್ನು ಕರೆದುಕೊಂಡು ಮದಕರಿಪುರದ ಅಣ್ಣನ ಮನೆ ಸೇರಿದ್ದೆ. ಗಂಡ ಇನ್ನೊಬ್ಬಳನ್ನು ಮನೆಗೆ ತಂದಿಟ್ಟುಕೊಂಡಿದ್ದ. ಆದರೂ ಅವನ ಕಡೆಯ ಹಿರಿಯರು ನಮ್ಮ ಜಗಲಿಯ ಮೇಲೆ ಕೂತು, "ದುಡಿಮೆ ಇಲ್ದೋಳ ಹತ್ರ ಕೂಸು ಯಾಕಿರ್ಬೇಕು? ಯುಗಾದಿ ಆದ್ಮೇಲೆ ಬರ್ತೀವಿ, ಕಳ್ಸಿಕೊಡ್ರಿ" ಎಂದು ಹೇಳಿ ಹೋಗಿದ್ದರು. ಅಣ್ಣ ತಲೆ ತಗ್ಗಿಸಿ ಕೂತಿದ್ದ. ಆ ರಾತ್ರಿಯಿಂದ ಮಗಳು ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದೇ ಮಲಗತೊಡಗಿದಳು.

ಟೈಲರಿಂಗ್ ಕಲಿತವರು ಊರ ತುಂಬ ಇದ್ದರು. ಉಗುರು ಕಲಿತವರು ಇರಲಿಲ್ಲ. ಅದೊಂದೇ ಲೆಕ್ಕಾಚಾರದ ಮೇಲೆ ನಾನು ಅಕ್ಕನ ಮೆಟ್ಟಿಲು ಹತ್ತಿದ್ದೆ.

ಆದರೆ ಕೈ ನನ್ನ ಮಾತು ಕೇಳಲಿಲ್ಲ. ಬ್ರಷ್ಷನ್ನು ಲಿಕ್ವಿಡ್‌ನಲ್ಲಿ ಅದ್ದಿ ಪುಡಿಗೆ ಮುಟ್ಟಿಸಿದರೆ ತುದಿಯಲ್ಲಿ ಸಣ್ಣ ಮುತ್ತಿನಂಥ ಉಂಡೆ ನಿಲ್ಲಬೇಕು. ನನ್ನದು ಒಮ್ಮೆ ನೀರಾಗಿ ಚರ್ಮದ ಮೇಲೆ ಹರಿಯುತ್ತಿತ್ತು, ಇನ್ನೊಮ್ಮೆ ಒಣಗಿದ ಹಿಟ್ಟಿನಂತೆ ಉದುರುತ್ತಿತ್ತು. ಪ್ಲಾಸ್ಟಿಕ್ ಕೈಯೊಂದನ್ನು ಮನೆಗೆ ತಂದು ಅಭ್ಯಾಸ ಮಾಡಿದರೆ ಅತ್ತಿಗೆ ಮೂಗು ಮುಚ್ಚಿಕೊಂಡು, "ಮನೇನ ಪೇಂಟ್ ಅಂಗಡಿ ಮಾಡಿಟ್ಟೀಯಲ್ಲೇ! ಈ ವಾಸ್ನೆಗೆ ಅನ್ನ ಸೇರ್ತೈತಾ?" ಎನ್ನುತ್ತಿದ್ದಳು. ನಾನು ಹಿತ್ತಲಿನ ಕುರಿ ಕೊಟ್ಟಿಗೆಗೆ ಹೋಗಿ ಕೂರುತ್ತಿದ್ದೆ. ಕುರಿಗಳೂ ದೂರ ಸರಿಯುತ್ತಿದ್ದವು.

ಮೊದಲ ಗಿರಾಕಿಯಾಗಿ ಬಂದವರು ಕಾಲೇಜಿನ ಮೇಡಂ ಒಬ್ಬರು. ಗಿರ್ರನೆ ತಿರುಗಿ ಉಗುರು ನಯ ಮಾಡುವ ಮಿಷನ್ನನ್ನು ಒಂದೇ ಕಡೆ ಒತ್ತಿಹಿಡಿದೆ. ಅವರು ಬಿಸಿ ತಾಳದೆ ಚೀರಿ ಕೈ ಕಿತ್ತುಕೊಂಡರು. ಅವರು ಹೋದ ಮೇಲೆ ಅಕ್ಕ ಬೈಯುತ್ತಾಳೆಂದು ಕಾದೆ. ಅವಳು, "ನಿನ್ನ ಕೈ ಕೊಡು" ಎಂದು ಮಿಷನ್ನನ್ನು ನನ್ನ ಉಗುರಿಗೆ ಹಿಡಿದಳು. ಸುಟ್ಟು, ಕಣ್ಣಲ್ಲಿ ನೀರು ಬಂತು.

"ಗೊತ್ತಾಯ್ತಾ? ಇನ್ನೊಬ್ಬರ ಕೈ ಹಿಡಿದಾಗ ಆ ನೋವು ನಿನಗೆ ಮೊದ್ಲು ಗೊತ್ತಾಗ್ಬೇಕು. ಅವರು ಅಯ್ಯೋ ಅನ್ನೋದ್ರೊಳಗೆ ನೀನು ಎತ್ತಿರ್ಬೇಕು" ಎಂದಳು. ಆಮೇಲೆ ತಾನೇ ಟೀ ತರಿಸಿ, ತನ್ನ ರೂಢಿಯಂತೆ ಬಿಸ್ಕತ್ತು ಮುರಿದು ದೊಡ್ಡ ತುಂಡನ್ನು ನನಗೆ ಕೊಟ್ಟಳು.

ಮಾಘದಲ್ಲಿ ಹೊರಕೆರೆದೇವಪುರದ ಒಬ್ಬ ಹುಡುಗಿಯ ಮದುವೆಯ ಕೆಲಸ ಬಂತು. ಅಷ್ಟರಲ್ಲಿ ನನ್ನ ಉಂಡೆ ಒಂದಿಷ್ಟು ಹದಕ್ಕೆ ಬಂದಿತ್ತು, ಅಕ್ಕ ನನ್ನೊಬ್ಬಳನ್ನೇ ಕಳಿಸಿದಳು. ನಾನು ಹೋದಾಗ ಹುಡುಗಿ ಅರಿಶಿನ ಎಣ್ಣೆ ಮುಗಿಸಿ ಮಿಂದು ಬಂದಿದ್ದಳು. ಉಗುರಿನ ಎಣ್ಣೆ ಪಸೆ ಪೂರ್ತಿ ತೆಗೆಯದೆ ಏನು ಹಚ್ಚಿದರೂ ನಿಲ್ಲುವುದಿಲ್ಲ. ಗೊತ್ತಿತ್ತು. ಆದರೆ ಸುತ್ತ ನೆಂಟರು ನಿಂತು, "ಬೇಗ ಮುಗಿಸಮ್ಮ" ಎಂದು ಅವಸರ ಮಾಡುತ್ತಿದ್ದರು. ಮೇಲ್ಮೇಲೆ ಒರೆಸಿ ಹಚ್ಚಿಬಿಟ್ಟೆ.

ಮರುದಿನ ಬೆಳಿಗ್ಗೆ, ನಾನೂ ಜೊತೆಗೆ ಹೋಗಿದ್ದ ಹೊಳಲ್ಕೆರೆಯ ಛತ್ರದಲ್ಲಿ, ಸೀರೆ ಉಡಿಸುವಾಗ ನೆರಿಗೆಗೆ ಸಿಕ್ಕಿ ಹೆಬ್ಬೆರಳಿನ ಉಗುರು ಕಳಚಿ ಬಿತ್ತು. ಅದರ ಹಿಂದೆಯೇ ಇನ್ನೆರಡು. ಹುಡುಗಿ ಅಳತೊಡಗಿದಳು. ಅವಳ ತಾಯಿ ನನ್ನ ರಟ್ಟೆ ಹಿಡಿದು, "ನಿನ್ನ ಕಲಿಕೆಗೆ ನನ್ನ ಮಗಳ ಮದ್ವೆನೇ ಬೇಕಾಗಿತ್ತಾ?" ಎಂದು ಎಲ್ಲರೆದುರು ಕೂಗಿದರು. ಸರಿಮಾಡಲು ಬ್ರಷ್ ಹಿಡಿದೆ. ಅದ್ದುವ ಮುನ್ನವೇ ಬಟ್ಟಲು ಉರುಳಿ ಲಿಕ್ವಿಡ್ ನನ್ನ ಸೀರೆಯ ಮೇಲೇ ಚೆಲ್ಲಿತು.

ಛತ್ರದ ಹಿಂದೆ ಹೋಗಿ ಅಕ್ಕನಿಗೆ ಫೋನ್ ಮಾಡಿದೆ. "ನನ್ನ ಕೈಲಿ ಆಗಲ್ಲಕ್ಕ. ಎಲ್ಲಾ ಬಿದ್ದೋಯ್ತು. ಮಗಳನ್ನೂ ಕರ್ಕೊಂಡು ಹೋಗ್ತಾರೆ. ನಾನಿದ್ದು ಏನ್ ಮಾಡ್ಲಿ, ನಾನು ಹೋಗ್ತೀನಿ."

"ಎಲ್ಲಿಗೆ ಹೋಗ್ತೀಯ?"

ನನ್ನ ದನಿಯಲ್ಲಿ ಅವಳಿಗೆ ಏನು ಕೇಳಿಸಿತೋ. "ಲೇ, ಅಲ್ಲೇ ಕುಂತ್ಕ. ನಾನು ಬರೋವರ್ಗೂ ಎದ್ದೇಳಬ್ಯಾಡ. ಫೋನ್ ಇಡಬ್ಯಾಡ" ಎಂದಳು. ಅವಳು ಮೆಟ್ಟಿಲಿಳಿದದ್ದು, ಯಾರನ್ನೋ ಕಾರು ಕೇಳಿದ್ದು, ದಾರಿಯುದ್ದಕ್ಕೂ ಡ್ರೈವರನನ್ನು ಗದರಿದ್ದು ಎಲ್ಲವೂ ನನಗೆ ಕೇಳಿಸುತ್ತಿತ್ತು. ನಡುನಡುವೆ, "ಇದೀಯಾ?" ಎನ್ನುತ್ತಿದ್ದಳು. "ಇದೀನಿ" ಎನ್ನುತ್ತಿದ್ದೆ.

ಬಂದವಳೇ ಹುಡುಗಿಯ ಎದುರು ಕೂತು, ಸಡಿಲವಾಗಿದ್ದ ಉಳಿದ ಉಗುರುಗಳನ್ನೂ ಎಬ್ಬಿಸಿ ತೆಗೆದಳು. ಗ್ಲೌಸ್ ಹಾಕಿಕೊಂಡು ಬ್ರಷ್ ಹಿಡಿದಳು. ಹಿಡಿತ ಸಿಗಲಿಲ್ಲ. ಬಿಚ್ಚಿ ಎಸೆದು, ಆ ಬಿರಿದ ಬೆರಳಲ್ಲೇ ಕೆಲಸಕ್ಕೆ ಇಳಿದಳು. ಅಕ್ಕ ಕೆಲಸ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ಉಂಡೆ ಬ್ರಷ್ಷಿನ ತುದಿಯಲ್ಲಿ ಅಲುಗದೆ ನಿಂತಿತ್ತು. ಉಗುರಿಗೆ ಮುಟ್ಟಿಸಿದರೆ ತಾನೇ ಜಾಗ ಹುಡುಕಿಕೊಂಡು ಹರಡಿತು. ಬಲಗೈ ಮುಗಿಸಿ ಬ್ರಷ್ಷನ್ನು ನನ್ನತ್ತ ಚಾಚಿದಳು.

"ಎಡಗೈ ನಿಂದು."

"ಬ್ಯಾಡಕ್ಕ."

"ಮುಹೂರ್ತಕ್ಕೆ ಹೊತ್ತಾಗ್ತೈತೆ. ಹಿಡಿ."

ಹಿಡಿದೆ. ಅವಳು ಹಿಂದಿನಿಂದ ನನ್ನ ಭುಜದ ಮೇಲೆ ಗಲ್ಲವೂರಿ, "ಒರೆಸು. ಇನ್ನೊಂದ್ಸಲ ಒರೆಸು. ಹ್ಞೂಂ, ಈಗ ಇಡು" ಎನ್ನುತ್ತಾ ಹೋದಳು. ಹುಡುಗಿ ಹಸೆಮಣೆ ಏರಿದಾಗ ಎರಡೂ ಕೈ ಒಂದೇ ಥರ ಕಾಣುತ್ತಿದ್ದವು.

ಮಾರನೆಯ ದಿನಕ್ಕೆ ಅಕ್ಕನ ಬೆರಳುಗಳು ಬಾತು ಮಡಿಚಲು ಬರದಾಗಿದ್ದವು. ಬಹಳ ದಿನ ಚಮಚದಲ್ಲಿ ಅನ್ನ ತಿಂದಳು. ನಾನು ಅತ್ತಾಗ, "ನಿನಗೋಸ್ಕರ ಮಾಡ್ಲಿಲ್ಲ ಕಣೇ. ಆ ಹುಡುಗಿ ಮದ್ವೆ ಅದು. ನೀನು ಯಾಕೆ ಅಳ್ತೀಯ?" ಎಂದು ರೇಗಿದಳು.

ಯುಗಾದಿಯಾದ ಮೇಲೆ ಗಂಡನ ಕಡೆಯವರು ಹೇಳಿದಂತೆಯೇ ಬಂದರು. ಆ ಹೊತ್ತಿಗೆ ನಾನು ದಿನಾ ಪಾರ್ಲರಿಗೆ ಹೋಗುತ್ತಿದ್ದೆ, ಆದರೂ ನಾನು ಹಾಕಿದ ಉಗುರು ಇವತ್ತೊಂದು ನಾಳೆಯೊಂದು ಬಿಟ್ಟುಕೊಳ್ಳುತ್ತಲೇ ಇತ್ತು. ಅಕ್ಕ ಯಾರೂ ಕರೆಯದೆಯೇ ಬಂದು ಜಗಲಿಯ ಮೇಲೆ ಅವರ ಸಮಕ್ಕೆ ಕೂತಿದ್ದಳು. "ಇವಳಿಗೆ ದುಡಿಮೆ ಐತೆ. ನನ್ನ ಅಂಗಡೀಲಿ ಐತೆ. ಇನ್ನೇನು ಕೇಳ್ಬೇಕು ಕೇಳ್ರಿ" ಎಂದಳು. ಆಗ ಅಣ್ಣನೂ ತಲೆಯೆತ್ತಿದ. "ಮಗು ಎಲ್ಲಿಗೂ ಬರಲ್ಲ" ಎಂದ. ಅವರು ಎದ್ದು ಹೋದರು.

ಅಕ್ಕನಿಗೆ ಮೊದಲಿಂದಲೂ ಸಕ್ಕರೆ ಕಾಯಿಲೆ ಇತ್ತು. ಮುಂದಿನ ವರ್ಷ ಕಿಡ್ನಿ ಕೈಕೊಟ್ಟಿತು. ಆಸ್ಪತ್ರೆಯ ಮಂಚದಲ್ಲಿ ಅವಳು ದಿನದಿನಕ್ಕೆ ಸಣ್ಣಗಾದಳು. ನಾನು ಅಂಗಡಿ ಮುಚ್ಚಿ ಅಲ್ಲೇ ಉಳಿಯುತ್ತೇನೆಂದರೆ ಒಪ್ಪಲಿಲ್ಲ. "ಇಲ್ಲಿ ಕುಂತು ನನ್ನ ಮುಖ ನೋಡಿದ್ರೆ ಏನು ಬರ್ತೈತೆ? ಹೋಗು, ಬಾಗ್ಲು ತೆಗಿ" ಎಂದಳು. ಅವಳು ನನ್ನೊಡನೆ ಆಡಿದ ಕೊನೆಯ ಮಾತು ಅದು.

ಮರುದಿನ ಹಿರಿಯೂರಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ತನ್ನ ನಿಶ್ಚಿತಾರ್ಥಕ್ಕೆ ಉಗುರು ಹಾಕಿಸಲು ಬಂದಿದ್ದಳು. ಒಂದು ಕೈ ಮುಗಿದಿತ್ತು. ಆಸ್ಪತ್ರೆಯಲ್ಲಿ ಜೊತೆಗಿದ್ದ ಅಕ್ಕನ ಮಗನ ಫೋನ್ ಬಂತು. "ಅಮ್ಮ ಹೋದ್ರು. ಮನೆಗೆ ತರ್ತಿದೀವಿ" ಎಂದ. ಫೋನ್ ಕೆಳಗಿಟ್ಟೆ. ಒಂದೇ ಕೈಗೆ ಉಗುರು ಹಾಕಿ ಅವಳನ್ನು ಹೇಗೆ ಕಳಿಸಲಿ? ಮುಖಕ್ಕೆ ಮಾಸ್ಕ್ ಇತ್ತು, ಅದರೊಳಗೆ ಕಣ್ಣೀರು ಇಳಿಯುತ್ತಿತ್ತು. ಒರೆಸಿದೆ, ಇನ್ನೊಂದು ಸಲ ಒರೆಸಿದೆ, ಇಟ್ಟೆ. ಎರಡನೇ ಕೈಯನ್ನೂ ಮುಗಿಸಿ, ಹುಡುಗಿಯನ್ನು ಕಳಿಸಿ, ಬಾಗಿಲು ಎಳೆದುಕೊಂಡು ಅಕ್ಕನ ಮನೆಗೆ ಓಡಿದೆ.

ಕೆಲವು ವಾರಗಳ ಮೇಲೆ ಆ ಹುಡುಗಿ ಬುಡದಲ್ಲಿ ಸ್ವಂತ ಉಗುರು ಬೆಳೆದು ಬಿಟ್ಟ ಸಂದು ತುಂಬಿಸಿಕೊಳ್ಳಲು ಬಂದಳು. ಅವಳ ಎರಡನೇ ಕೈಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ. ಒಂದು ಉಗುರೂ ಎದ್ದಿರಲಿಲ್ಲ. ಯಾರಿಗಾದರೂ ಹೇಳಬೇಕೆನಿಸಿತು. ಹೇಳಬೇಕಾದವಳು ಇರಲಿಲ್ಲ.

"ಈ ಕೈ ಮಾಡೋವಾಗ ನನಗೆ ಕಲಿಸಿದ ಅಕ್ಕ ತೀರ್ಕಂಡಿದ್ಲು ಕಣಮ್ಮ" ಎಂದೆ.

ಹುಡುಗಿ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನನ್ನ ಬೆರಳುಗಳನ್ನು ಹಾಗೆಯೇ ಹಿಡಿದುಕೊಂಡು ಕೂತಳು.