ಕಾಲು ಮುಟ್ಟಗೊಡದ ಅತ್ತೆ

ಆ ದಿನ ಮಧ್ಯಾಹ್ನವೂ ಅತ್ತೆ ನೆಲದ ಮೇಲಿದ್ದ ಎರಡೂ ಪಾದಗಳನ್ನು ಎತ್ತಿ ಮಂಚದ ಅಂಚಿಗೆ ಇಟ್ಟುಕೊಂಡರು. ರೈಲಿನ ಸದ್ದು ನನಗಿನ್ನೂ ಕೇಳಿರಲಿಲ್ಲ. ಇಬ್ರಾಹಿಂಪುರದ ನಮ್ಮ ಮನೆ ಹಳಿಗೆ ಹತ್ತಿರ. ಗಾಡಿ ಬರುವ ಮುಂಚೆ ನೆಲದ ಫರಸಿಕಲ್ಲು ಸಣ್ಣಗೆ ಅದುರುತ್ತದೆ. ಉಳಿದವರಿಗೆ ಗೊತ್ತೇ ಆಗದ ಆ ಅದುರು ಅವರ ಅಂಗಾಲಿಗೆ ಸೂಜಿಯಂತೆ ಚುಚ್ಚುತ್ತಿತ್ತು. ನೋಡಲು ಚೆಂದದ ಪಾದಗಳು. ಗಾಯವಿಲ್ಲ, ಬಾವಿಲ್ಲ, ಹಿಮ್ಮಡಿಯಲ್ಲಿ ಒಂದು ಬಿರುಕೂ ಇಲ್ಲ. ಗಾಡಿ ದಾಟಿದ ಮೇಲೆ ಕಾಲು ಇಳಿಸಿ, ನಾನು ಪಲ್ಯೆಗೆ ಬಿಡಿಸುತ್ತಿದ್ದ ಮೆಂತ್ಯದ ಸೊಪ್ಪಿನ ಕಡೆ ನೋಡಿದರು. "ಕಡ್ಡೀನೂ ಹಾಕಾಕತ್ತೀಯಲ್ಲ ಬೇ, ದನಕ್ಕ ಮಾಡ್ತೀಯೇನು?" ಎಂದರು. ನಮ್ಮ ಮನೆಯ ಕೊನೆಯ ಮಾಮೂಲಿ ದಿನ ಅದು.

ಅತ್ತೆಯ ತವರು ತಿಕೋಟಾ. ದ್ರಾಕ್ಷಿ ಪಡದ ಬಳ್ಳಿಸಾಲುಗಳಲ್ಲಿ ಬರಿಗಾಲಿನಲ್ಲಿ ಓಡಾಡಿ ಬೆಳೆದವರು. ನಾನು ಬಬಲೇಶ್ವರದಿಂದ ಸೊಸೆಯಾಗಿ ಬರುವ ಹೊತ್ತಿಗೆ ಮಾವ ತೀರಿಕೊಂಡಿದ್ದರು, ಅತ್ತೆಗೆ ಸಕ್ಕರೆ ಕಾಯಿಲೆ ಹಳೆಯದಾಗಿತ್ತು. ಮದುವೆಯ ದಿನ ಅಕ್ಷತೆಯ ಅಕ್ಕಿಕಾಳು ಬಿದ್ದ ಮೇಲೆ ಆಶೀರ್ವಾದಕ್ಕೆಂದು ಬಗ್ಗಿದೆ. ನನ್ನ ಕೈ ತಾಗಿದ್ದೇ ತಡ, ಅವರು ಎರಡೂ ಕಾಲು ಹಿಂದಕ್ಕೆಳೆದುಕೊಂಡರು. ಮುಖ ಕಿವುಚಿಕೊಂಡಿದ್ದರು. "ಆತು, ಆತು, ಏಳು" ಎಂದು ಆ ಕಡೆ ತಿರುಗಿಬಿಟ್ಟರು. ನಮ್ಮ ಕಡೆಯ ಹೆಂಗಸರೆಲ್ಲ ಅದನ್ನು ನೋಡಿದರು. ನಮ್ಮ ಚಿಗವ್ವ, ಅವ್ವನ ತಂಗಿ, ನನ್ನ ಕಿವಿಯ ಹತ್ತಿರ ಬಂದು, "ಕಾಲ ಮುಟ್ಟಗೊಡಲಿಲ್ಲ ನೋಡು. ಈಕಿ ಜೋಡಿ ಹುಷಾರಿಯಿಂದ ಇರು" ಎಂದಳು.

ಆಮೇಲೆ ಹಬ್ಬ ಬಂದಾಗಲೆಲ್ಲ ಅತ್ತೆ, "ಅಲ್ಲೇ ನಿಂತ ಕೈ ಮುಗಿ, ಸಾಕು" ಎನ್ನುತ್ತಿದ್ದರು. ಹಾಗೆ ಅನ್ನುವಾಗ ನಗುತ್ತಿರಲಿಲ್ಲ. ನಾನು ಅವರಿಗೆ ಹಿಡಿಸಿಲ್ಲ ಎಂದುಕೊಂಡು ನಾನೂ ದೂರವೇ ನಿಲ್ಲುತ್ತಿದ್ದೆ.

ಕಾಲು ಉರಿಯುತ್ತದೆ ಎಂಬುದನ್ನು ಅವರೇನೂ ಮುಚ್ಚಿಟ್ಟಿರಲಿಲ್ಲ. ಹೇಳಿ ಹೇಳಿ, ಕೇಳುವವರು ಇಲ್ಲದಂತಾಗಿತ್ತು. ಆ ಉರಿಗೂ ಮದುವೆಯ ದಿನಕ್ಕೂ ನಾನು ನಂಟು ಹಾಕಿರಲಿಲ್ಲ. ಹೊದಿಕೆ ತಾಗಿದರೆ ಉರಿ, ಚಪ್ಪಲಿ ಮೆಟ್ಟಿದರೆ ಉರಿ. ಗುಡಿಗೆ ಹೋಗುವುದು ನಿಂತಿತು, ತವರಿಗೆ ಹೋಗುವುದೂ ನಿಂತಿತು. ಮಂಚ, ಬಚ್ಚಲು, ಹೊಸ್ತಿಲು, ಅಷ್ಟೇ ಅವರ ಓಡಾಟ. ತಣ್ಣೀರಿನ ಬಕೀಟಿನಲ್ಲಿ ಕಾಲಿಟ್ಟು ಗೋಡೆ ನೋಡುತ್ತ ಕೂತಿರುತ್ತಿದ್ದರು. ಇನ್ನೂ ತಿರುಗಾಡುತ್ತಿದ್ದ ಕಾಲದಲ್ಲಿ ಒಮ್ಮೆ ತಮ್ಮನ ಜೊತೆ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿಗೆ ಹೋಗಿದ್ದರಂತೆ. ಒಳಗಿನ ಥಂಡಿಗೆ ಕಾಲು ಎಷ್ಟು ಹಾಯೆನಿಸಿತೋ, ಹೊರಗೆ ಬರಲು ಒಪ್ಪಲಿಲ್ಲವಂತೆ. "ನನ್ನೂ ಒಂದ ಬಾಕ್ಸಿನ್ಯಾಗ ಹಾಕಿ ಇಲ್ಲೇ ಇಟ್ಟಬಿಡೋ ತಮ್ಮಾ. ರೇಟ್ ಬಂದಾಗ ಹೊರಗ ತಗಿ" ಎಂದರಂತೆ. ಆ ಮಾತು ಹೇಳಿಕೊಂಡು ತಿಕೋಟಾದ ಮಂದಿ ಬಹಳ ದಿನ ನಕ್ಕರು.

ನಮ್ಮ ಮನೆಯವರು ತಾಯಿಯನ್ನು ಅಲಕ್ಷ್ಯ ಮಾಡಿದವರಲ್ಲ. ಕಾಲಿನ ನರಗಳಿಗೆ ಸಣ್ಣದಾಗಿ ಕರೆಂಟು ಕೊಟ್ಟು ನೋಡುವ ಪರೀಕ್ಷೆ ಮಾಡಿಸಿದರು. ನಾರ್ಮಲ್ ಎಂದು ಬಂತು. ಬೇರೆ ಡಾಕ್ಟರ ಹತ್ತಿರ ಮತ್ತೆ ಮಾಡಿಸಿದರು, ಅಲ್ಲಿಯೂ ನಾರ್ಮಲ್.

"ಮಷೀನ್ ಸುಳ್ಳ ಹೇಳ್ತೈತೇನ ಬೇ ಯವ್ವಾ? ನೀ ಮನಸಿಗಿ ಬಾಳ ಹಚ್ಕೋತಿ."

"ಹಂಗಾರ ನಾನ ಸುಳ್ಳ ಹೇಳಾಕತ್ತೇನಿ" ಎಂದರು ಅತ್ತೆ, ಬಕೀಟಿನಿಂದ ಕಾಲು ತೆಗೆಯದೆ.

ಅಲ್ಲಿಂದ ಅವರು ಕಾಲಿನ ಮಾತು ಎತ್ತುವುದನ್ನೇ ಬಿಟ್ಟರು. ಉರಿ ಕಡಿಮೆಯಾಗಿದೆ ಎಂದು ನಾವು ತಿಳಿದೆವು.

ಹೋದ ವರ್ಷ ಸಕ್ಕರೆ ಕಾಯಿಲೆಯವರು ಮಾಡಿಸುವ ಕಣ್ಣಿನ ತಪಾಸಣೆಗೆಂದು ನಾವಿಬ್ಬರೂ ಸೇರಿ ಅವರನ್ನು ಆಟೋದಲ್ಲಿ ಕರೆದುಕೊಂಡು ಹೋದೆವು. ಅತ್ತೆ ಬರಿಗಾಲಿನಲ್ಲಿ ಬಂದದ್ದನ್ನು ನೋಡಿ ಅಲ್ಲಿಯ ಡಾಕ್ಟರಮ್ಮ ಕಾಲಿನ ಬಗ್ಗೆಯೇ ಕೇಳತೊಡಗಿದರು. "ಕಾಲ ವಿಚಾರಸೂ ಕಣ್ಣಿನ ಡಾಕ್ಟರನ್ನ ಇವತ್ತ ನೋಡಿದೆ" ಎಂದು ಅತ್ತೆ ನನ್ನ ಕಡೆ ತಿರುಗಿ ಹೇಳಿದರು.

ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಕರೆಂಟಿನ ಪರೀಕ್ಷೆಗೆ ಸಿಗುವುದು ದಪ್ಪ ನರಗಳು ಮಾತ್ರ. ಉರಿ, ನೋವು ತಿಳಿಸುವ ನರಗಳು ಬಹಳ ಸೂಕ್ಷ್ಮ, ಅದಕ್ಕೆ ಸಿಗುವುದಿಲ್ಲ. ಅಂಥವೇ ನರಗಳು ಕಣ್ಣಿನ ಮುಂದಿನ ತಿಳಿಪರದೆಯಲ್ಲಿವೆ. ಕೊಯ್ಯದೆ, ಚುಚ್ಚದೆ ಅವುಗಳ ಚಿತ್ರ ತೆಗೆಯುವ ಯಂತ್ರ ಈಗ ಬಂದಿದೆ. ಕಾಲಿನಲ್ಲಿ ಏನಾಗಿದೆ ಎಂಬುದರ ಸುಳಿವು ಅಲ್ಲಿ ಸಿಗುತ್ತದೆ.

ಕಣ್ಣಿಗೆ ಜೋಮು ಹಿಡಿಸುವ ಹನಿ ಹಾಕಿದರು. ಅತ್ತೆ ಯಂತ್ರದ ಮೇಲೆ ಗದ್ದ ಊರಿ ಅಲುಗಾಡದೆ ಕೂತರು. ಆಮೇಲೆ ಪರದೆಯ ಮೇಲೆ ಎರಡು ಚಿತ್ರ ತೋರಿಸಿದರು. ಒಂದು ನೆಟ್ಟಗಿದ್ದವರ ಕಣ್ಣಿನದು: ಕಪ್ಪಿನ ಮೇಲೆ ಬಿಳಿಯ ಎಳೆಗಳು ಸಾಲು ಸಾಲಾಗಿ ಉದ್ದಕ್ಕೆ ಹಬ್ಬಿದ್ದವು. ಅತ್ತೆಯದರಲ್ಲಿ ಅಲ್ಲೊಂದು ಇಲ್ಲೊಂದು ತುಂಡು.

"ಅಜ್ಜಿ, ನಿಮ್ಮ ಉರಿ ಖರೇನ ಐತ್ರಿ" ಎಂದರು ಡಾಕ್ಟರಮ್ಮ.

ಅತ್ತೆ ಮಗನ ಕಡೆ ತಿರುಗಿ, "ಕೇಳಿದ್ಯಾ?" ಎಂದರು. ನಮ್ಮ ಮನೆಯವರು ತಲೆ ತಗ್ಗಿಸಿದರು. ಅತ್ತೆ ಮತ್ತೆ ಪರದೆಗೆ ಮುಖ ಹತ್ತಿರ ತಂದು ನೋಡಿದರು. "ಚಾಟ್ನಿ ಮಾಡಿದ ದ್ರಾಕ್ಷಿ ಪಡ ಇದ್ದಂಗೈತಿ. ಎಲ್ಲಾ ಕಡ್ಡಿ ಕತ್ತರಿಸಿ ಒಗದಾರ." ಡಾಕ್ಟರಮ್ಮನ ಕಡೆ ತಿರುಗಿ ಕೇಳಿದರು: "ಪಡಾ ಆದ್ರ ಮತ್ತ ಚಿಗೀತೈತ್ರಿ. ಇದು ಚಿಗೀತೈತೇನ್ರಿ?"

"ಸಕ್ಕರಿ ಹತೋಟ್ಯಾಗ ಇಟ್ರ ಇನ್ನಷ್ಟು ಹಾಳಾಗೂದು ತಡೀಬಹುದ್ರಿ. ಉರಿ ಕಡಿಮಿ ಆಗಾಕ ಗುಳಿಗಿ ಕೊಡ್ತೀನಿ. ಹೋಗಿದ್ದು ಬರ್ತೈತಿ ಅಂತ ಮಾತ್ರ ನಾ ಹೇಳಂಗಿಲ್ರಿ."

ಅತ್ತೆ ಹೂಂ ಅಂದರು. ಆಟೋದಲ್ಲಿ ಮನೆಗೆ ಹೊರಟೆವು. ಗೋಳಗುಮ್ಮಟದ ಹತ್ತಿರ ಗಾಡಿಗಳು ಸಿಕ್ಕಿಕೊಂಡು ನಿಂತಾಗ ಅವರು ನನ್ನ ಬಳೆಗಳನ್ನು ಬೆರಳಿನಿಂದ ಮುಟ್ಟಿದರು.

"ಲಗ್ನದಾಗ ಇವು ನನ್ನ ಕಾಲಿಗಿ ತಾಗಿದ್ವು. ಜೀವ ಹೋಗಿ ಬಂದಂಗಾತು. ನೀ ತಪ್ಪ ತಿಳಕೊಂಡಿ ಅಂತ ಗೊತ್ತಿತ್ತ ತಂಗಿ."

"ಆವಾಗ ಹೇಳಬೇಕಿತ್ತಲ್ರಿ ಅತ್ತೀ?"

"ಹೆತ್ತ ಮಗ ನಂಬಲಿಲ್ಲ. ನಿನ್ನೆ ಮೊನ್ನೆ ಬಂದಾಕಿ ನಂಬತಿದ್ದೇನು?"

ಮನೆಗೆ ಬಂದ ಮೇಲೆ ನಮ್ಮ ಮನೆಯವರು ಅಟ್ಟ ಹತ್ತಿ, ನಮ್ಮ ಮಗಳು ಕೂಸಿದ್ದಾಗ ತಂದಿದ್ದ, ಛತ್ರಿಯಂತೆ ಬಿಚ್ಚುವ ಸೊಳ್ಳೆಪರದೆ ಹುಡುಕಿ ತಂದರು. ಬಟ್ಟೆ ಹರಿದು ತೆಗೆದು, ಅದರ ಕಡ್ಡಿಗಳನ್ನು ತಾಯಿಯ ಕಾಲಿನ ಸುತ್ತ ಕಮಾನಿನಂತೆ ನಿಲ್ಲಿಸಿ, ಮೇಲೆ ಚಾದರ ಹೊದಿಸಿದರು. ಚಾದರ ಪಾದಕ್ಕೆ ತಾಗಲಿಲ್ಲ. "ಈ ವಯಸ್ಸಿನ್ಯಾಗ ನನ್ನ ಕಾಲು ಕೂಸಾದ್ವು ನೋಡು" ಎಂದು ಅತ್ತೆ ನಕ್ಕರು. ಗುಳಿಗೆಯಿಂದ ಉರಿ ಸ್ವಲ್ಪ ತಗ್ಗಿತು, ಹೋಗಲಿಲ್ಲ. ಮಂಚ, ಬಚ್ಚಲು, ಹೊಸ್ತಿಲು ಹಾಗೆಯೇ ಉಳಿದವು. ಆದರೆ ಅವರು ಮತ್ತೆ "ಉರಿ" ಎಂಬ ಮಾತು ಆಡತೊಡಗಿದರು. ಅವರು ಹಾಗೆಂದಾಗ ನಮ್ಮಲ್ಲಿ ಒಬ್ಬರು ಎದ್ದು ಬಕೀಟು ತುಂಬಿಸುತ್ತಿದ್ದರು.

ಮೆಂತ್ಯದ ಪಲ್ಯೆ ಮಾಡಿದ ಮರುದಿನ ಬೆಳಿಗ್ಗೆ ಅತ್ತೆ ಚಹಾ ಬೇಡವೆಂದರು. ಹಣೆ ಬೆವರಿತ್ತು. "ಎದಿ ನೋಯತೈತೇನ್ರಿ?" ಎಂದು ಕೇಳಿದೆ. "ಇಲ್ಲ ಬೇ, ಸುಸ್ತಷ್ಟ" ಎಂದು ಗೋಡೆಗೆ ಒರಗಿದರು. ಆಸ್ಪತ್ರೆ ಮುಟ್ಟುವ ಮುಂಚೆಯೇ ಹೋಗಿಬಿಟ್ಟರು. ಹೃದಯಾಘಾತ ಎಂದರು ಅಲ್ಲಿಯ ಡಾಕ್ಟರು. ಸಕ್ಕರೆ ಕಾಯಿಲೆ ಎದೆಯ ನರಗಳನ್ನೂ ಕೆಡಿಸಿರುತ್ತದೆ, ಕೆಲವರಿಗೆ ನೋವೇ ಗೊತ್ತಾಗುವುದಿಲ್ಲ ಎಂದು ತಿಳಿಸಿದರು. ಗಾಯವಿಲ್ಲದ ಕಾಲಿಗೆ ಅಷ್ಟು ವರ್ಷ ಕೂಗಿದ ನರಗಳು ಆ ಬೆಳಿಗ್ಗೆ ಸುಮ್ಮನಿದ್ದವು.

ಮನೆಗೆ ತಂದ ಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಅವರ ಕಾಲಿಗೆ ಬಿದ್ದರು. ನನ್ನ ಸರದಿ ಬಂದಾಗ ಕೈ ಗೇಣು ದೂರದಲ್ಲೇ ನಿಂತಿತು. "ಮುಟ್ಟ ಯವ್ವಾ, ಈಗೇನೂ ಆಗಂಗಿಲ್ಲ" ಎಂದಳು ಚಿಗವ್ವ. ಬಳೆಗಳನ್ನು ಮೊಣಕೈಗೆ ಸರಿಸಿಕೊಂಡು ಮುಟ್ಟಿದೆ. ಪಾದಗಳು ಹಿಂದಕ್ಕೆ ಸರಿಯಲಿಲ್ಲ.

ಈಗಲೂ ಗಾಡಿ ಬರುವ ಮುಂಚೆ ಫರಸಿ ಅದುರುತ್ತಿರಬೇಕು. ನನಗೆ ಅದು ಗೊತ್ತಾಗುವುದಿಲ್ಲ. ಯಾರಿಗೆ ಗೊತ್ತಾಗುತ್ತಿತ್ತೋ ಅವರು ಮನೆಯಲ್ಲಿಲ್ಲ.