ಗಂಗವ್ವತ್ತೆಯ ದಡಿ ಮತ್ತು ನನ್ನ ಕೀಬೋರ್ಡು

ಇವತ್ತು ಬೆಳಿಗ್ಗೆ ಮೌಸಿನ ಹೊಟ್ಟೆ ಬಿಚ್ಚಿ, ಸೆಲ್ ತೆಗೆದು, ಅಂಗೈಯಲ್ಲಿ ಉಜ್ಜಿ ಮತ್ತೆ ಕೂರಿಸಿದೆ. ನಗಬೇಡಿ, ನೀವೂ ಟಾರ್ಚಿನ ಸೆಲ್ಲುಗಳನ್ನು ಬಿಸಿಲಿಗೆ ಇಟ್ಟವರೇ. ಪರದೆಯ ಮೇಲೆ ಬಾಣ ಅಲುಗಾಡಿತು, ನನಗೆ ಗಂಗವ್ವತ್ತೆ ನೆನಪಾದಳು.

ಗಂಗವ್ವತ್ತೆ ನನ್ನ ಸೋದರತ್ತೆ. ಹುಟ್ಟಿದ್ದು ರಬಕವಿಯ ಮಗ್ಗದ ಮನೆಯಲ್ಲಿ, ಸೇರಿದ್ದು ಬನಹಟ್ಟಿಯ ಮಗ್ಗದ ಮನೆಯನ್ನು. ಅವರ ಓಣಿಯಲ್ಲಿ ಮಾತಾಡಬೇಕಾದರೆ ಪವರ್‌ಲೂಮಿನ ಸದ್ದಿಗಿಂತ ಮೇಲೆ ದನಿ ಎತ್ತಬೇಕು. ಹೀಗಾಗಿ ಅಲ್ಲಿಯವರು ಬೇರೆ ಊರಿಗೆ ಹೋದರೂ ಗುಟ್ಟು ಹೇಳಲಾರರು. ಹತ್ತು ಹನ್ನೆರಡು ವರ್ಷದ ಹಿಂದೆ ಅತ್ತೆಯ ಕಣ್ಣು ಮಂಜಾಗುತ್ತಾ ಬಂತು. ಅದು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವಳಿಗೆ ಮಾತ್ರ ಕಣ್ಣಿಗಿಂತ ಒಂದು ದಡಿಯ ಚಿಂತೆ. ನನ್ನ ಅಜ್ಜಿ, ಅಂದರೆ ಅವಳ ಅವ್ವ, ನೇಯುತ್ತಿದ್ದ ಸೀರೆಯ ಅಂಚು ಅದು. ಅಂಥ ಕೊನೆಯ ಸೀರೆ ಅಜ್ಜಿಯ ಮೈಮೇಲೆಯೇ ಮಣ್ಣಿಗೆ ಹೋಯಿತು. ಕಾಗದದ ಮೇಲೆ ಯಾರೂ ಬರೆದಿಟ್ಟಿರಲಿಲ್ಲ.

"ಕಣ್ಣ ಹೋಗೂದ್ರಾಗ ಇದನ್ನ ಎಲ್ಲೆರ ಇಳಿಸಬೇಕಲೋ ತಮ್ಮಾ," ಅಂದಳು.

ನಾನಾಗ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಹುಚ್ಚಿನಲ್ಲಿದ್ದೆ. ಪುಕ್ಕಟೆ ಸಿಗುತ್ತದೆ, ಯಾರು ಬೇಕಾದರೂ ಒಳಗು ಬಿಚ್ಚಿ ನೋಡಬಹುದು ಎಂದು ಕಂಡಕಂಡವರಿಗೆಲ್ಲ ಭಾಷಣ ಮಾಡುತ್ತಿದ್ದೆ. ಲ್ಯಾಪ್‌ಟಾಪನ್ನು ಅತ್ತೆಯ ಮನೆಯ ದೊಡ್ಡ ಟಿವಿಗೆ ಜೋಡಿಸಿ, ಪರದೆ ತುಂಬ ಚೌಕ ಎಳೆದು, ವೈರಿಲ್ಲದ ಕೀಬೋರ್ಡನ್ನು ಅವಳ ತೊಡೆಯ ಮೇಲಿಟ್ಟೆ. ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತಳು. ಒಂದು ಚೌಕವೆಂದರೆ ಒಂದು ಎಳೆ. ಒಂದು ಗುಂಡಿ ಒತ್ತಿದರೆ ಚೌಕ ಕೆಂಪಾಗುತ್ತದೆ, ಬಾಣದ ಗುಂಡಿ ಒತ್ತಿದರೆ ಮುಂದಿನ ಚೌಕ ಬರುತ್ತದೆ.

ಮೂರನೆಯ ಸಾಲಿಗೇ ದಡಿ ಸೊಟ್ಟಗಾಯಿತು. ಎಲ್ಲೋ ಒಂದು ಎಳೆ ತಪ್ಪಿತ್ತು. ಅಳಿಸಿ ಮತ್ತೆ ಮಾಡಿದಳು, ಮತ್ತೆ ತಪ್ಪಿತು, ಈ ಸಲ ಬೇರೆ ಕಡೆ. ನಾನು ಸೆಲ್ ಬದಲಿಸಿದೆ. ಕೀಬೋರ್ಡು, ಮೌಸುಗಳ ಸಂಕೇತ ಹಿಡಿಯುವ ಉಗುರಿನಷ್ಟು ದೊಡ್ಡ ರಿಸೀವರನ್ನು ಲ್ಯಾಪ್‌ಟಾಪಿನ ಒಂದು ತೂತಿನಿಂದ ಕಿತ್ತು ಇನ್ನೊಂದಕ್ಕೆ ಹಾಕಿದೆ. ಇಂಟರ್‌ನೆಟ್ಟಿನಲ್ಲಿ ಗುರುತಿಲ್ಲದವರನ್ನು ಕೇಳಿ, ಅವರು ಹೇಳಿದ್ದನ್ನೆಲ್ಲ ಅರ್ಥವಾಗದೆಯೇ ಟೈಪು ಮಾಡಿದೆ. ನಾನು ಕುಟ್ಟಿದರೆ ಒಂದಕ್ಷರ ತಪ್ಪುತ್ತಿರಲಿಲ್ಲ, ಮೌಸೂ ಸರಾಗ ಓಡುತ್ತಿತ್ತು. ಮೂರನೆಯ ದಿನ ನನಗೆ ಬಂದ ಯೋಚನೆಯನ್ನು ಹೇಳಲು ಈಗಲೂ ನಾಚಿಕೆ. ಅತ್ತೆಗೆ ಮರೆವು ಹತ್ತಿದೆ ಅಂದುಕೊಂಡೆ. ಕೇಳಿಯೂ ಬಿಟ್ಟೆ.

"ಅತ್ತೀ, ದಡಿ ನಿನಗ ಪೂರಾ ನೆನಪೈತೇನ?"

ಅತ್ತೆ ಸಿಟ್ಟಾಗಲಿಲ್ಲ. "ಅವ್ವ ಹೋದಾಗಿಂದ ದಿನಾ ಕಂಡಿಕಿ ಸುತ್ತಕೋತ ತಲಿಯಿಂದ ಕಡೀತನಕ ಒಮ್ಮೆ ಎಣಿಸೇನಿ. ಒಂದ ದಿನಾ ಬಿಟ್ಟಿಲ್ಲ," ಅಂದಳು.

ಕಂಡಿಕಿ ಅಂದರೆ ಲಾಳಿಯೊಳಗೆ ಕೂರುವ ನೂಲಿನ ಸುರುಳಿ. ಅಜ್ಜಿ ತೀರಿ ಆಗಲೇ ನಲವತ್ತು ವರ್ಷವಾಗಿತ್ತು.

"ನೀ ಒತ್ತಾಕ ಹತ್ತಿದರ ನಿಲ್ಲೂದ ಇಲ್ಲ," ಅಂದಳು ಅತ್ತೆ. "ನಾ ನಿಂತ, ಎಣಿಸಿ ಒತ್ತತೇನಿ. ಮೂರ ಎಳಿ ಎಣಿಸೂತನಕ ಸುಮ್ಮನ ಬಿಟ್ಟರ ಇದು ಮಲಗತೈತಿ. ಮುಂದ ಮೊದಲ ಒತ್ತಿದ್ದು ಇದನ್ನ ಎಬ್ಬಸಾಕ ಹೋಗತೈತಿ, ಚೌಕಕ್ಕ ಮುಟ್ಟೂದಿಲ್ಲ."

ಕೈ ಕಟ್ಟಿ ಕೂತು, ಮನಸ್ಸಿನಲ್ಲೇ ಮೂರು ಎಣಿಸಿ ಒತ್ತಿದೆ. ಪರದೆಯ ಮೇಲೆ ಏನೂ ಆಗಲಿಲ್ಲ. ಎರಡನೆಯ ಸಲಕ್ಕೆ ಎಚ್ಚರವಾಯಿತು. ಮೌಸಿನದೂ ಅದೇ ಕಥೆ. ಕರೆಂಟು ಹೋದಾಗ ಲ್ಯಾಪ್‌ಟಾಪಿನ ಬ್ಯಾಟರಿ ಹೆಚ್ಚು ಹೊತ್ತು ಬರಲೆಂದು ನಾನೇ ಹಿಂದೊಮ್ಮೆ ಹಾಕಿದ್ದ ಪ್ರೋಗ್ರಾಮೊಂದು, ಎರಡು ಸೆಕೆಂಡು ಕೆಲಸವಿಲ್ಲದಿದ್ದರೆ ರಿಸೀವರನ್ನು ಮಲಗಿಸುತ್ತಿತ್ತು. ಆ ಪ್ರೋಗ್ರಾಮಿನ ಒಂದು ಸಾಲು ತಿದ್ದಿದೆ, ಸರಿಹೋಯಿತು. ಒಳಗು ಬಿಚ್ಚಿ ನೋಡಬಹುದೆಂದು ಸಾರಿಕೊಂಡು ತಿರುಗಿದವನು ನಾನು, ಏನನ್ನೂ ಬಿಚ್ಚದೆ ಒಳಗಿನದನ್ನು ಕಂಡವಳು ಅತ್ತೆ. ಅವತ್ತಿನಷ್ಟು ಬೆರಗು ನನಗೆ ಇನ್ನೊಬ್ಬರ ಮುಂದೆ ಆಗಿಲ್ಲ.

ಹನ್ನೊಂದು ದಿನದಲ್ಲಿ ದಡಿ ಮುಗಿಯಿತು. ಅದನ್ನು ನೋಡಿ ತೂತು ಹೊಡೆದ, ಯಾವ ಎಳೆ ಎತ್ತಬೇಕೆಂದು ತೋರಿಸುವ ಜಕಾರ್ಡ್ ಹಾಳೆಗಳು ಮಗ್ಗಕ್ಕೇರಿದವು. ಮೊದಲ ಸೀರೆ ಇಳಿದಾಗ ಅತ್ತೆ ಅಂಚನ್ನು ಬೆರಳಿನಿಂದ ಸವರುತ್ತಾ, ತುಟಿಯಲ್ಲೇ ಎಣಿಸುತ್ತಾ ಹೋಗಿ, "ಆತು" ಅಂದಳು.

ಈಗ ಅವಳಿಗೆ ಏನೂ ಕಾಣಿಸುವುದಿಲ್ಲ. ಇಷ್ಟು ಬರೆದ ಮೇಲೆ ಫೋನು ಮಾಡಿದೆ.

"ಅತ್ತೀ, ಆ ದಡಿ ಈಗೂ ದಿನಾ ಎಣಸ್ತೀಯೇನ?"

ಆ ಕಡೆಯಿಂದ ಮಾತಿಲ್ಲ. ಮೊದಲಾಗಿದ್ದರೆ ಹಲೋ ಹಲೋ ಅನ್ನುತ್ತಿದ್ದೆ. ಸುಮ್ಮನೆ ಕಾದೆ.

"ಸೀರಿ ಇಳದ ದಿನಾನ ಬಿಟ್ಟೇನಿ," ಅಂದಳು. "ಈಗ ಅರ್ಧಾ ಮರತ ಹೋಗೈತಿ. ಎಷ್ಟ ಹಗರ ಆಗೈತಿ ಗೊತ್ತೇನ ತಮ್ಮಾ."