ಕಾರಿಗೆ ಗಾದಿ ಹಾಕಿಸಿದ ಮೇಲೆ

ಹೋದ ತಿಂಗಳು ನಾನು ನಮ್ಮ ಕಾರಿಗೆ ಗಾದಿ ಹಾಕಿಸಿದೆ. ಸೀಟಿಗಲ್ಲ, ಕಾರಿಗೇ. ಅಂದಿನಿಂದ ನನಗೆ ನೆಮ್ಮದಿಯಿಲ್ಲ.

ಕಾರು ನಮ್ಮ ಮದುವೆಗಿಂತ ಹಳೆಯದು. ವಿಲಾಯತಿ ಮಾಲು. (ಕಂಪನಿಯ ಹೆಸರು ಬೇಡ. ಪಾಪ, ಇಷ್ಟು ವರ್ಷ ಓಡಿದೆ, ಅದರ ಮಾನ ಯಾಕೆ ಕಳೆಯಲಿ?) ನೋಡಿದರೆ ಇಂದಿಗೂ ಮದುಮಗಳು, ಸ್ಟಾರ್ಟ್ ಮಾಡಿದರೆ ಹಿಟ್ಟಿನ ಗಿರಣಿ. ಬಾಗಿಲು ತನ್ನ ಪಾಡಿಗೆ ಬಡಿದುಕೊಳ್ಳುತ್ತದೆ, ನೆಲದ ತಗಡು ತನ್ನ ಪಾಡಿಗೆ. ಒಳಗೆ ಕೂತವರು ಟ್ರಂಕ್ ಕಾಲ್‌ನಲ್ಲಿ ಮಾತಾಡುವವರ ಹಾಗೆ ಒದರಬೇಕು.

ನಾವು ಒದರುತ್ತಿದ್ದೆವು. ನಾನು ಮತ್ತು ನನ್ನ ಹೆಂಡತಿ ಗಿರಿಜಾ. ಮಕ್ಕಳು ಧಾರವಾಡದ ಹಾಸ್ಟೆಲ್ಲಿನಲ್ಲಿ. ನನ್ನ ಕಾಲಿಗೋ ಚಕ್ರ. ವಾರವೆಲ್ಲ ಹಾನಗಲ್ಲಿನ ಕೋರ್ಟಿನಲ್ಲಿ ಕರಿ ಕೋಟು ಹಾಕಿ ಕೂತವನು ರವಿವಾರವೂ ಕೂತಿರಲಾರೆ. ಒಂದು ವಾರ ಶಿಗ್ಗಾಂವಿಗೆ, ನನ್ನ ತಂಗಿಯ ಮನೆಗೆ. ಇನ್ನೊಂದು ವಾರ ಹಿರೇಕೆರೂರಿಗೆ, ಗಿರಿಜಾಳ ತವರಿಗೆ. ಏನೂ ನೆವ ಸಿಗದಿದ್ದರೆ ಸವಣೂರಿಗೆ, ವೀಳ್ಯದೆಲೆ ತರಲು.

ಗಿರಿಜಾಳದು ಮನೆಯಲ್ಲಿ ಮಾತು ಕಡಿಮೆ. ನಾನು ನಾಲ್ಕು ಮಾತಾಡಿದರೆ ಅವಳದೊಂದು 'ಹೂಂ'. ಕಾರು ಹತ್ತಿದಳೋ, ಬೇರೆಯೇ ಹೆಂಗಸು! ಓಣಿಯ ಸುದ್ದಿ, ಸರಕಾರದ ಸುದ್ದಿ, ನನ್ನ ಕಕ್ಷಿದಾರರ ಸುದ್ದಿ, ಎಲ್ಲದಕ್ಕೂ ಅವಳದೊಂದು ತೀರ್ಪು. ನಾನೂ ಬಿಡುವವನಲ್ಲ. ಒಮ್ಮೆ ಬಂಕಾಪುರದ ಕ್ರಾಸಿನಲ್ಲಿ ಎಂಜಿನ್ ಇದ್ದಕ್ಕಿದ್ದಂತೆ ಬಂದಾಯಿತು. ನನ್ನ ಬಾಯಿ ಬಂದಾಗಲಿಲ್ಲ.

"ನಿಮ್ಮಣ್ಣಗ ತಲ್ಯಾಗ ಬುದ್ಧಿ ಅನ್ನೋದ ಇಲ್ಲ!"

ಚಹಾದಂಗಡಿಯ ಮುಂದೆ ಕೂತವರೆಲ್ಲ ಹೊರಳಿ ನೋಡಿದರು. ಹಿರಿಯರೊಬ್ಬರು ಕಪ್ಪು ಕೆಳಗಿಟ್ಟು ಎದ್ದೇ ಬಂದರು. "ಇರ್ಲಿ ಬಿಡ್ರಿ ಸಾಹೇಬ್ರ, ಸಂಸಾರ ಅಂದ ಮ್ಯಾಲೆ ಇದ್ದದ್ದ. ಹಾದ್ಯಾಗ ಬ್ಯಾಡ್ರಿ" ಎಂದು ಬುದ್ಧಿ ಹೇಳಿದರು. ಗಿರಿಜಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಶಿಗ್ಗಾಂವಿ ಬರುವವರೆಗೂ ನಕ್ಕಳು.

ಹೀಗಿದ್ದವನಿಗೆ ದುರ್ಬುದ್ಧಿ ಬಂದದ್ದು ಗೆಳೆಯನ ಹೊಸ ಕಾರಿನಲ್ಲಿ ಕೂತ ಮೇಲೆ. ಎಂಥ ಕಾರು! ಅವನು ಸ್ಟೇರಿಂಗ್ ಹಿಡಿದು ಪಿಸುಗುಟ್ಟಿದ, ನನಗೆ ಕೇಳಿಸಿತು. ಅಲ್ಲ, ನಮ್ಮ ಗಿರಿಜಾ ಇನ್ನೆಷ್ಟು ವರ್ಷ ಗಂಟಲು ಹರಿದುಕೊಳ್ಳಬೇಕು? ಆರಾಮಾಗಿ ಮಾತಾಡಲಿ ಅನ್ನಿಸಿತು.

"ಕಾರಿನ ಸಪ್ಪಳ ತೆಗಸ್ತೇನಿ ನೋಡ" ಅಂದೆ.

"ಯಾಕ್ರಿ? ಇದ್ದಂಗ ಇರ್ಲಿ ಬಿಡ್ರಿ" ಅಂದಳು.

ಖರ್ಚಿಗೆ ಹೆದರಿದಳು ಅಂದುಕೊಂಡೆ. (ಹೆಂಡತಿಯ ಮಾತಿಗೆ ಅರ್ಥ ಬರೆಯುವ ಹಕ್ಕು ಗಂಡಂದಿರಿಗೆ ಯಾವ ಕಾಯಿದೆಯಲ್ಲಿ ಸಿಕ್ಕಿತೋ, ವಕೀಲನಾದ ನನಗೂ ಗೊತ್ತಿಲ್ಲ.)

ಗ್ಯಾರೇಜಿನವರು ಕೈ ಎತ್ತಿದರು. ಒಪ್ಪಿಕೊಂಡವನು ಸವಣೂರಿನ ಪಿಂಜಾರ ದಾವಲಸಾಬ. ಹತ್ತಿ ಹಿಂಜಿ ಗಾದಿ ಮಾಡುವವನು. ಕಾರಿಗೆ ಕೈ ಹಾಕಿದ್ದು ಇದೇ ಮೊದಲು. ಸೀಟು ಕಿತ್ತ. ನೆಲದ ತಗಡಿಗೆ ಡಾಂಬರು ಬಳಿದ, ಅದರ ಮೇಲೆ ಗೋಣಿತಟ್ಟು, ಅದರ ಮೇಲೆ ಎರಡು ಪದರು ಕಂಬಳಿ. ಬಾಗಿಲ ಹೊಟ್ಟೆಗೂ ಕಂಬಳಿ, ಅಂಚಿಗೆ ಲಾರಿ ಟ್ಯೂಬಿನ ಪಟ್ಟಿ. ತಲೆಯ ಮೇಲೆ ಹತ್ತಿಯ ಗಾದಿ, ಅದಕ್ಕೆ ಹೂವಿನ ಚೀಟಿನ ಬಟ್ಟೆ. ಹುರುಪು ಏರಿ ಬಾನೆಟ್ಟಿನೊಳಗೂ ಹತ್ತಿ ತುಂಬಲು ಹೊರಟಿದ್ದ. ಬೆಂಕಿ ಹತ್ತೀತು ಮಾರಾಯ ಎಂದು ಕೈ ಹಿಡಿದು ನಿಲ್ಲಿಸಿದೆ.

"ಇನ್ನ ಕುಂದರ್ರಿ ವಕೀಲಸಾಹೇಬ್ರ. ಕಾರಿನ್ಯಾಗ ನಿದ್ದಿ ಬರಲಿಲ್ಲಂದ್ರ ನನ್ನ ಕೇಳ್ರಿ!" ಅಂದ.

ಅವನ ಕೆಲಸಕ್ಕೆ ಹೆಸರಿಡುವ ಹಾಗಿರಲಿಲ್ಲ. ಮೊದಲ ರವಿವಾರ ಗಿರಿಜಾಳ ಬಳೆಯ ಸದ್ದು ಕೇಳಿಸಿತು. ಈ ಕಾರಿನಲ್ಲಿ ಆ ಸದ್ದನ್ನು ನಾನು ಎಂದೂ ಕೇಳಿರಲಿಲ್ಲ. ಹಿಗ್ಗಿ ಹೀರೇಕಾಯಿಯಾಗಿ, ಗೆಳೆಯನ ಹಾಗೆಯೇ ಮೆಲ್ಲಗೆ ಮಾತು ತೆಗೆದೆ.

"ಹೂಂ" ಅಂದಳು.

ಎಲೆ ತಗೊಳ್ಳೋಣವೇ ಎಂದೆ. "ಹೂಂ." ನಿಮ್ಮವ್ವನ ಮೊಣಕಾಲು ಈಗ ಹೇಗಿದೆ ಎಂದೆ. ಅದಕ್ಕೂ "ಹೂಂ."

ಹಾನಗಲ್ಲಿನಿಂದ ಸವಣೂರು, ಸವಣೂರಿನಿಂದ ಹಾನಗಲ್ಲು, ಬರೀ ಹೂಂ. ಅಷ್ಟು ಮೆತ್ತಗಿನ ಕಾರಿನಲ್ಲಿ ನನಗೆ ಮುಳ್ಳಿನ ಮೇಲೆ ಕೂತ ಹಾಗಾಯಿತು. ಏನು ತಪ್ಪು ಮಾಡಿದೆ? ಡಾಂಬರಿನ ವಾಸನೆಯೇ? ಅವಳಿಗೆ ಸೀರೆ ತರದೆ ಕಾರಿಗೆ ಚೀಟು ಉಡಿಸಿದೆನೇ? ಮುಂದಿನ ರವಿವಾರ ತಲೆನೋವು ಅಂದಳು. ಒಬ್ಬನೇ ಹೊರಟೆ. ದುಂಡಸಿಯ ತನಕವೂ ಹೋಗಲಾಗದೆ ಕಾರು ತಿರುಗಿಸಿದೆ. ಮನೆಗೆ ಬಂದರೆ ಅಲ್ಲೂ ಕೂರಲಾಗದು. ಅಂಗಳ, ಅಡುಗೆಮನೆ, ಮತ್ತೆ ಅಂಗಳ. ಅವಳು ಕಾಳು ಹಸನು ಮಾಡುತ್ತಲೇ ಇದ್ದಳು, ತಲೆ ಎತ್ತಲಿಲ್ಲ.

ಆಮೇಲೆ ಹಿರೇಕೆರೂರಿನಲ್ಲಿ ಅವಳ ಅಣ್ಣನ ಮೊಮ್ಮಗುವಿನ ತೊಟ್ಟಿಲ ಕಾರ್ಯ ಬಂತು.

"ನೀವು ಕಾರ್ ತಗೊಂಡ ಬರ್ರಿ. ನಾ ಬಸ್ಸಿಗೆ ಹೋಗ್ತೇನಿ" ಅಂದಳು.

ಮನೆಯ ಮುಂದೆ ಕಾರು ನಿಂತಿರುವಾಗ ವಕೀಲರ ಹೆಂಡತಿ ಬಸ್ಸಿಗೆ! ಸಿಟ್ಟು ನೆತ್ತಿಗೇರಿತು. ಹಠಕ್ಕೆ ಬಿದ್ದು ನಾನೂ ಬಸ್ಸೇ ಹತ್ತಿದೆ.

ನಮ್ಮ ಭಾಗದ ಬಸ್ಸು ನಿಮಗೆ ಗೊತ್ತಲ್ಲ? ಕಿಟಕಿಯ ಗಾಜಿನಿಂದ ಹಿಡಿದು ಕಂಡಕ್ಟರನವರೆಗೆ ಸುಮ್ಮನಿರುವುದು ಒಂದೂ ಇಲ್ಲ. ತಿಳವಳ್ಳಿ ದಾಟುವಷ್ಟರಲ್ಲಿ ಗಿರಿಜಾ ಪಕ್ಕದ ಸೀಟಿನ ಹೆಂಗಸಿನ ಮೂರು ತಲೆಮಾರಿನ ಕಥೆ ಕೇಳಿ ಮುಗಿಸಿ, ತನ್ನದನ್ನು ಹೇಳುತ್ತಿದ್ದಳು. ನಗು, ಕೈಸನ್ನೆ, ತೀರ್ಪು! ನನಗೆ ಹೊಟ್ಟೆಯುರಿ. ಯಾರೋ ದಾರಿಹೋಕಳ ಜೊತೆ ಇಷ್ಟು ಮಾತು, ನನಗೆ ಬರೀ ಹೂಂ?

ದನಿ ತಗ್ಗಿಸಿ ಕೇಳಿದೆ: "ನನ್ನ ಮ್ಯಾಲೆ ಸಿಟ್ಟು ಐತೇನ?"

"ಹೂಂ" ಅಂದಳು. ನಗುನಗುತ್ತಾ!

ನಗುತ್ತಾ ಸಿಟ್ಟಿದೆ ಅನ್ನುವವರುಂಟೇ? ಈ ಸಲ ಬಸ್ಸಿಗಿಂತ ಜೋರಾಗಿ ಒದರಿದೆ: "ನನ್ನ ಮ್ಯಾಲೆ ಸಿಟ್ಟು ಐತೇನ ನಿನಗ?"

"ಇಲ್ರೀ! ಯಾತಕ್ಕ ಸಿಟ್ಟು?" ಅವಳೂ ಒದರಿದಳು. ಇಡೀ ಬಸ್ಸು ನಮ್ಮತ್ತ ತಿರುಗಿತು.

ಒಂದೇ ಸಾಕ್ಷಿ, ಒಂದೇ ಪ್ರಶ್ನೆ, ಎರಡು ಉತ್ತರ. ವಕೀಲನಿಗೆ ಇನ್ನೇನು ಬೇಕು? ಉಳಿದ ದಾರಿ ಮನೆಯ ಹೂಂ, ಕಾರಿನ ಹೂಂ, ಎಲ್ಲವನ್ನೂ ಒಂದೊಂದಾಗಿ ಮತ್ತೆ ವಿಚಾರಣೆಗೆ ಎತ್ತಿಕೊಂಡೆ.

ಹಿರೇಕೆರೂರಿನಲ್ಲಿ ಇಳಿದು, ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ನಿಲ್ಲಿಸಿ ಕೇಳಿದೆ: "ನಿನಗ ಕಿವಿ ಕೇಳಸೋದಿಲ್ಲೇನ?"

ಅವಳು ಮೊದಲು ಸುತ್ತಲೂ ನೋಡಿದಳು. "ಹಳೂಕ ಅನ್ರಿ. ಇದು ನನ್ನ ತವರೂರು" ಅಂದಳು. ಆಮೇಲೆ ಕಣ್ಣು ತುಂಬಿತು.

"ನಮ್ಮ ಸೋದರತ್ತಿಗೆ ಹಿಂಗ ಆಗಿತ್ರಿ. ಆಕಿ ಸುದ್ದಿ ಆಕಿ ಮುಂದ ಮಾತಾಡತಿದ್ರು, ಗ್ವಾಡಿ ಮುಂದ ಮಾತಾಡಿದಂಗ. ಅದನ್ನ ನೋಡೇ ಬೆಳದೇನಿ. ಅದಕ್ಕ ಯಾರಿಗೂ ಹೇಳಲಿಲ್ಲ. ಮನ್ಯಾಗ ಏನಂದ್ರಿ ಅಂತ ತಿರುಗಿ ಕೇಳಿದ್ರ ನೀವು ದನಿ ಏರಸ್ತೀರಿ, ಬೈದಂಗ ಇರತೈತಿ. ಕಾರಿನ್ಯಾಗ ಹಂಗಲ್ಲ. ಅಲ್ಲೆ ಯಾರ ಕುಂತರೂ ಒದರಬೇಕು. ಅಲ್ಲೆ ನಾ ಕಿವುಡಿ ಅಲ್ಲ."

ಆ ಹೆಣ್ಣು ಎಲ್ಲರ ಹಾಗೆ ಇದ್ದ ಒಂದೇ ಜಾಗ ಅದು. ಅದಕ್ಕೆ ನಾನು ಕಂಬಳಿ ಹೊದಿಸಿ ಬಂದಿದ್ದೆ.

ಕುರುಡರ ಕೈ ಹಿಡಿದು ರಸ್ತೆ ದಾಟಿಸುತ್ತೇವೆ. ಕುಂಟರಿಗೆ ಬಸ್ಸಿನಲ್ಲಿ ಎದ್ದು ಜಾಗ ಕೊಡುತ್ತೇವೆ. ಕಿವುಡರನ್ನು ಕಂಡರೆ? ನಗುತ್ತೇವೆ, ಇಲ್ಲವೇ ಗದರುತ್ತೇವೆ. ಎರಡನೇ ಸಲ ಹೇಳುವಾಗ ನಮ್ಮ ಮುಖ ಹೇಗಿರುತ್ತದೆ, ಯೋಚಿಸಿದ್ದೀರಾ? ಮೊದಲ ಸಲ ಹೇಳಿದ್ದು ಅದೇ ಮಾತು. ಎರಡನೇ ಸಲಕ್ಕೆ ಅದು ಬೈಗುಳವಾಗಿರುತ್ತದೆ.

ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸಿದ್ದಾಯಿತು. ಕಿವಿಯ ಮಷೀನು ಬರೆದುಕೊಟ್ಟರು. ಹಾಕುತ್ತಾಳೆ, ತೆಗೆದಿಡುತ್ತಾಳೆ. "ಇದರಾಗ ಅಡಗಿಮನಿ ಪಾತೇಲಿ ಸಪ್ಪಳ ಒಂದ ಚಂದ ಕೇಳತೈತಿ, ಮಂದಿ ಮಾತಲ್ಲ" ಅನ್ನುತ್ತಾಳೆ. ನಾನು ಸ್ಕ್ರೂಡ್ರೈವರ್ ಹಿಡಿದು ಕಾರಿನ ಕಂಬಳಿ ಕೀಳಲು ಹೋದೆ. ಗಿರಿಜಾ ಅಡ್ಡ ಬಂದಳು.

"ಕೀಳಬ್ಯಾಡ್ರಿ. ಸಪ್ಪಳದ ನೆವ ಹುಡುಕಿ ಹುಡುಕಿ ಸಾಕಾಗೈತಿ ನನಗ. ಕಾರ್ ಒದರೋದು ಬ್ಯಾಡ. ನೀವು ಒದರ್ರಿ."

ಸುಲಭದ ಮಾತು ಅಂದುಕೊಂಡಿರಾ? ಮೊನ್ನೆ ಸವಣೂರಿನ ದಾರಿಯಲ್ಲಿ ಶುರು ಮಾಡಿದೆ. "ಬೆಳಿ ಚಲೋ ಬಂದೈತಿ ನೋಡ!" ಎಂದು ಕೂಗಿದೆ. ಸದ್ದಿಲ್ಲದ ಕಾರಿನಲ್ಲಿ ನನ್ನ ದನಿ ನನಗೇ ಜಗಳದ ಹಾಗೆ ಕೇಳಿಸಿತು. ಬೆಳೆ ಚೆನ್ನಾಗಿ ಬಂದದ್ದು ಅವಳದೇ ತಪ್ಪು ಅನ್ನುವ ಹಾಗೆ! ತಗ್ಗಿಸಿದರೆ ಅವಳಿಗೆ ಕೇಳದು, ಏರಿಸಿದರೆ ಬೈಗುಳ. ಇಷ್ಟು ವರ್ಷ ಸಂಸಾರ ಮಾಡಿದವನ ಹತ್ತಿರ ಮೂರನೆಯದೊಂದು ದನಿಯೇ ಇಲ್ಲವೇ? ಮತ್ತೆ ಕೂಗಿದೆ. ಮತ್ತೆ.

ಗಿರಿಜಾ ಕೇಳಿಸಿಕೊಂಡಳು. ನನ್ನ ಮುಖವನ್ನೇ ನೋಡಿ ಹೇಳಿದಳು:

"ಕೇಳತೈತಿ. ಹುಬ್ಬು ಅಷ್ಟ ಇಳಸ್ರಿ."

ಇಳಿಸುವುದನ್ನು ಕಲಿಯುತ್ತಿದ್ದೇನೆ. ಇನ್ನೂ ಬಂದಿಲ್ಲ. ಹೋಗಲಿ, ನಿಮ್ಮ ಮನೆಯಲ್ಲಿ ಯಾರಾದರೂ ಸಿಟ್ಟಿಲ್ಲದೆ ದನಿ ಎತ್ತಿ ಎಷ್ಟು ದಿನವಾಯಿತು?